ಪಪ್ಪಾಯಿ ಗಿಡಕ್ಕೆ ಹತ್ತಿದ ಬಿಳಿ ‘ಬೂಜು’ ನಿಜಕ್ಕೂ ರೋಗವೇ? ಹಿಟ್ಟು ತಿಗಣೆಯ ಹೆಸರು, ಕುಲ ಮತ್ತು ಬದುಕು

“ಗಿಡಕ್ಕ ಬೂಜು ಹತ್ಯಾದ ನೋಡು ತಮ್ಮಾ. ಯಾವ ಎಣ್ಣಿ ಹೊಡೀಬೇಕು?”

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಲ್ಲಿ ಪರಿಚಯದ ಕಾಕಾ ಒಬ್ಬರು ತಮ್ಮ ಹಿತ್ತಲಿನ ಪಪ್ಪಾಯಿ ಗಿಡ ತೋರಿಸಿ ನಮ್ಮನ್ನು ಕೇಳಿದ ಪ್ರಶ್ನೆ ಇದು. ಕೀಟನಾಶಕಕ್ಕೆ ನಮ್ಮ ಕಡೆ ‘ಎಣ್ಣಿ’ ಎಂದೇ ಹೆಸರು. ಗಿಡದ ಎಲೆಗಳ ಅಡಿಭಾಗ, ಕಾಯಿಯ ತೊಟ್ಟು, ಕಾಂಡದ ಸಂದು ಎಲ್ಲೆಲ್ಲೂ ಹಿಂಜಿದ ಹತ್ತಿ ಮೆತ್ತಿದಂತೆ ಬೆಳ್ಳಗಿತ್ತು. ಕೆಳಗಿನ ಎಲೆಗಳ ಮೇಲೆ ಕಪ್ಪು ಮಸಿ. ಇರುವೆಗಳು ಸಾಲುಗಟ್ಟಿ ಹತ್ತಿ ಇಳಿಯುತ್ತಿದ್ದವು. ಪಕ್ಕದ ಮನೆಯವರು ಇದು ಬೂಷ್ಟು ರೋಗ ಎಂದಿದ್ದರಂತೆ. ಇನ್ನೊಬ್ಬರು ದೃಷ್ಟಿ ತಾಕಿದೆ ಎಂದಿದ್ದರು. ಬಿಳಿಯದು ಒಂದು ರೋಗ, ಕರಿಯದು ಇನ್ನೊಂದು, ಇರುವೆ ಬಂದಿರುವುದು ಹುಳ ತಿನ್ನಲು ಎಂಬುದು ಕಾಕಾ ಅವರ ಲೆಕ್ಕ. ಹಾಗಾಗಿ ಬೂಷ್ಟಿಗೆ ಒಂದು ಔಷಧ, ಹುಳಕ್ಕೆ ಇನ್ನೊಂದು ಎಂದು ಎರಡು ಡಬ್ಬಿ ತರುವ ತಯಾರಿಯಲ್ಲಿದ್ದರು.

ಈ ಲೆಕ್ಕದಲ್ಲಿ ಬಹುತೇಕ ಎಲ್ಲವೂ ತಪ್ಪು. ಆದರೆ ತಪ್ಪಾಗುವುದು ಸಹಜ. ಆ ಬಿಳಿಯ ರಾಶಿಯಲ್ಲಿ ಹುಳದಂತೆ ಕಾಣುವಂಥದ್ದು ಏನೂ ಇರುವುದಿಲ್ಲ. ರೆಕ್ಕೆ ಇಲ್ಲ, ಓಡಾಟ ಇಲ್ಲ, ಕಾಲು ಕಾಣುವುದಿಲ್ಲ. ಒಂದು ಕಡ್ಡಿಯಿಂದ ಆ ಬಿಳಿಯನ್ನು ಸ್ವಲ್ಪ ಕೆರೆದು ನೋಡಿದರೆ ಒಳಗೆ ಹಳದಿ ಬಣ್ಣದ, ಎರಡು ಮಿಲಿಮೀಟರಿಗಿಂತ ಸ್ವಲ್ಪ ಉದ್ದದ, ಅಂಡಾಕಾರದ ಮೆತ್ತನೆಯ ಜೀವಿ ಸಿಗುತ್ತದೆ. ಇದು ಹಿಟ್ಟು ತಿಗಣೆ. ಆ ಬಿಳಿ ಪುಡಿ ಬೂಷ್ಟಲ್ಲ, ತಿಗಣೆ ತನ್ನ ಚರ್ಮದ ಸೂಕ್ಷ್ಮ ರಂಧ್ರಗಳಿಂದ ತಾನೇ ಹೊರಹಾಕಿದ ಮೇಣ. ಕಪ್ಪು ಮಸಿ ಮಾತ್ರ ನಿಜವಾದ ಬೂಷ್ಟು. ಆದರೆ ಅದು ಗಿಡವನ್ನು ತಿನ್ನಲು ಬಂದದ್ದಲ್ಲ, ತಿಗಣೆಯ ವಿಸರ್ಜನೆಯ ಮೇಲೆ ಬೆಳೆದದ್ದು. ಇನ್ನು ಇರುವೆಗಳು ತಿಗಣೆಯನ್ನು ತಿನ್ನಲು ಬಂದಿಲ್ಲ, ಕಾಯಲು ಬಂದಿವೆ.

ನಾವು ಓದಿದ್ದು ಸಂವಹನ, ಕೀಟಶಾಸ್ತ್ರವಲ್ಲ. ಆದರೂ ಈ ಹುಳದ ಬಗ್ಗೆ ಓದುತ್ತ ಹೋದಂತೆ ನಮಗೆ ಹೆಚ್ಚು ಹಿಡಿಸಿದ್ದು ಅದರ ಹೆಸರಿನ ಕಥೆ. ಹಿಟ್ಟು ತಿಗಣೆಯ ವಿಷಯದಲ್ಲಿ ಸರಿಯಾದ ಹೆಸರು ಗೊತ್ತಾಗದೆ ಹೋದದ್ದರಿಂದ ಖಂಡಗಳಷ್ಟು ದೊಡ್ಡ ಪ್ರದೇಶಗಳು ವರ್ಷಗಟ್ಟಲೆ ಬೆಳೆ ಕಳೆದುಕೊಂಡಿವೆ. ಸರಿಯಾದ ಹೆಸರು ಸಿಕ್ಕ ಮೇಲೆ ಕೆಲವೇ ತಿಂಗಳಲ್ಲಿ ತೋಟಗಳು ಚೇತರಿಸಿಕೊಂಡದ್ದೂ ಇದೆ.

ತಿಗಣೆ ಎಂದು ಕರೆದದ್ದು ಸರಿಯೇ?

ಸರಿಯಾಗಿಯೇ ಇದೆ. ಹಾಸಿಗೆಯ ತಿಗಣೆ, ಜಿಗಿಹುಳು, ಗಿಡಹೇನು, ಬಿಳಿನೊಣ, ಹಿಟ್ಟು ತಿಗಣೆ ಎಲ್ಲವೂ ಹೆಮಿಪ್ಟೆರಾ ಎಂಬ ಒಂದೇ ಗಣಕ್ಕೆ ಸೇರುತ್ತವೆ. ಈ ಗಣದ ಗುರುತು ಬಾಯಿ. ಜಗಿಯುವ ದವಡೆಯ ಬದಲು ಚುಚ್ಚಿ ಹೀರುವ ಸೂಜಿ. ಹಾಸಿಗೆಯ ತಿಗಣೆ ನಮ್ಮ ರಕ್ತ ಹೀರುತ್ತದೆ, ಹಿಟ್ಟು ತಿಗಣೆ ಗಿಡದ ರಸ ಹೀರುತ್ತದೆ. ನಂಟು ದೂರದ್ದು, ಕಸುಬು ಒಂದೇ. ಹಿಟ್ಟು ತಿಗಣೆ ಮನುಷ್ಯರನ್ನು ಕಚ್ಚುವುದಿಲ್ಲ, ನಮಗೆ ಯಾವ ರೋಗವನ್ನೂ ತರುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೆ ನಾಲ್ಕು ತಿಗಣೆ ಕಂಡರೆ ತೊಳೆದು ಸಿಪ್ಪೆ ತೆಗೆದು ತಿನ್ನಬಹುದು. ಅದನ್ನು ಕೊಲ್ಲಲು ಕೊಯ್ಲಿನ ಹಿಂದಿನ ವಾರ ಹೊಡೆದ ಔಷಧದ ಬಗ್ಗೆ ನಮಗಿರುವ ಚಿಂತೆ ಹೆಚ್ಚು.

ಹೆಮಿಪ್ಟೆರಾ ಗಣದೊಳಗೆ ಶಲ್ಕ ಕೀಟಗಳ ದೊಡ್ಡ ಬಳಗ ಒಂದಿದೆ, ಕಾಕ್ಸಾಯ್ಡಿಯಾ ಎಂದು. ‘ಕಾಕ್ಸ್’ ಎಂಬುದರ ಮೂಲ ಗ್ರೀಕ್ ಪದಕ್ಕೆ ಕಾಳು ಎಂಬ ಅರ್ಥ. ಹಿಂದೆ ಮೆಡಿಟರೇನಿಯನ್ ಸೀಮೆಯಲ್ಲಿ ಓಕ್ ಮರದ ಮೇಲಿನ ಈ ಬಳಗದ ಕೀಟಗಳನ್ನು ಜನ ಕೆಂಪು ಬಣ್ಣಕ್ಕಾಗಿ ಆರಿಸುತ್ತಿದ್ದರು. ಅಲುಗಾಡದ ಉರುಟು ದೇಹ ನೋಡಿ ಅವು ಮರದ ಕಾಳು ಎಂದೇ ನಂಬಿದ್ದರು. ಮೋರಖಂಡಿಯಲ್ಲಿ ತಿಗಣೆಯನ್ನು ಬೂಜು ಎಂದವರಿಗಿಂತ ಅವರೇನೂ ಬೇರೆಯಲ್ಲ. ಅರಗು ಕೊಡುವ ಕೀಟವೂ ಇದೇ ಬಳಗದ್ದು. ಈ ಬಳಗದ ಒಂದು ಕುಟುಂಬ ಸ್ಯೂಡೊಕಾಕ್ಸಿಡೇ, ಅಂದರೆ ‘ಸುಳ್ಳು ಕಾಕಸ್’ಗಳ ಕುಟುಂಬ. ಇದೇ ಹಿಟ್ಟು ತಿಗಣೆಗಳ ಕುಟುಂಬ. ಜಗತ್ತಿನಲ್ಲಿ ಸುಮಾರು 2000 ಜಾತಿಗಳಿಗೆ ಈವರೆಗೆ ಹೆಸರಿಟ್ಟಿದ್ದಾರೆ.

ಮೇಣ ಕಂಡಲ್ಲೆಲ್ಲ ಹಿಟ್ಟು ತಿಗಣೆ ಎನ್ನುವಂತಿಲ್ಲ. ಯುರೋಪಿನ ಎಲ್ಮ್ ಮರದ ಕೊಂಬೆಗಳ ಮೇಲೆ ಸುತ್ತ ಬಿಳಿ ಮೇಣದ ಅಂಚು ಕಟ್ಟಿಕೊಂಡ ಕಂದು ಕೀಟವೊಂದಿದೆ, ಗಾಸಿಪೇರಿಯಾ ಸ್ಪೂರಿಯಾ. ನೋಡಿದವರು ಹಿಟ್ಟು ತಿಗಣೆಯೆಂದೇ ತಿಳಿಯುತ್ತಾರೆ, ಆದರೆ ಅದು ಎರಿಯೊಕಾಕ್ಸಿಡೇ ಎಂಬ ಬೇರೆ ಕುಟುಂಬದ್ದು. ಅಂದಹಾಗೆ ಎಲ್ಮ್ ಕುಟುಂಬದ ಮರ ನಮ್ಮಲ್ಲೂ ಇದೆ. ಬೇಸಿಗೆಯಲ್ಲಿ ದುಂಡನೆಯ ತೆಳು ರೆಕ್ಕೆಯ ಬೀಜಗಳನ್ನು ಗಾಳಿಗೆ ಬಿಡುವ ತಪಸಿ ಮರ. ಗಡಿಯಾಚೆ ಮರಾಠಿಯವರು ಅದನ್ನು ವಾವಳ ಎನ್ನುತ್ತಾರೆ.

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಸಾವಿರ ಜಾತಿಗಳನ್ನು ಬೇರ್ಪಡಿಸುವುದು ಹೇಗೆ? ಇದು ಫೋಟೋ ನೋಡಿ ಮಾಡುವ ಕೆಲಸವಲ್ಲ. ಬೆಳೆದ ಹೆಣ್ಣು ತಿಗಣೆಯನ್ನು ಕ್ಷಾರದ ದ್ರಾವಣದಲ್ಲಿ ಬಿಸಿ ಮಾಡಿ ಒಳಗಿನ ಮಾಂಸ ಕರಗಿಸುತ್ತಾರೆ. ಉಳಿದ ಪಾರದರ್ಶಕ ಚರ್ಮಕ್ಕೆ ಬಣ್ಣ ಹಾಕಿ ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಮೇಣ ಹೊರಬರುವ ರಂಧ್ರಗಳು ಎಷ್ಟು, ಯಾವ ಆಕಾರದವು, ಸೂಕ್ಷ್ಮ ನಳಿಕೆಗಳು ದೇಹದ ಯಾವ ಭಾಗದಲ್ಲಿವೆ, ಹಿಂಗಾಲಿನಲ್ಲಿ ರಂಧ್ರವಿದೆಯೇ ಎಂದು ಎಣಿಸುತ್ತಾರೆ. ಮೋರಖಂಡಿಯ ಗಿಡದಲ್ಲಿ ಕಂಡ ಪಪ್ಪಾಯಿ ಹಿಟ್ಟು ತಿಗಣೆಯ ಶಾಸ್ತ್ರೀಯ ಹೆಸರು ಪ್ಯಾರಾಕಾಕಸ್ ಮಾರ್ಜಿನೇಟಸ್. ಮಾರ್ಜಿನೇಟಸ್ ಎಂದರೆ ಅಂಚುಳ್ಳದ್ದು. ಇದರ ಬೆನ್ನಿನ ಮೇಲೆ ಒಂದು ಬಗೆಯ ನಳಿಕೆಗಳು ಅಂಚಿನಲ್ಲಿ ಮಾತ್ರ ಇರುತ್ತವೆ, ಹಿಂಗಾಲಿನ ಮೊಣಕಾಲ ಕೆಳಗಿನ ಭಾಗದಲ್ಲಿ ರಂಧ್ರಗಳಿರುವುದಿಲ್ಲ. ಈ ಎರಡು ಗುರುತು ಸಿಕ್ಕರೆ ತಜ್ಞರು ಹೆಸರು ಹೇಳುತ್ತಾರೆ.

ಮನೆಯಲ್ಲಿ ಮಾಡಬಹುದಾದ ಒಂದು ಸುಲಭ ಸೂಚನೆಯೂ ಇದೆ. ಪಪ್ಪಾಯಿ ಹಿಟ್ಟು ತಿಗಣೆ ಬದುಕಿದ್ದಾಗ ಹಳದಿ, ಸ್ಪಿರಿಟ್‌ನಲ್ಲಿ ಹಾಕಿಟ್ಟರೆ ಒಂದೆರಡು ದಿನದಲ್ಲಿ ನೀಲಿಗಪ್ಪಾಗುತ್ತದೆ. ಕಾಕಾ ಅವರ ಗಿಡದಿಂದ ಐದಾರನ್ನು ಸಣ್ಣ ಬಾಟಲಿಗೆ ಹಾಕಿದ್ದೆವು. ಮರುದಿನ ಶಾಯಿಯಲ್ಲಿ ಅದ್ದಿದಂತಿದ್ದವು. ಇದು ಪೂರ್ತಿ ಪುರಾವೆಯಲ್ಲ, ಒಳ್ಳೆಯ ಸುಳಿವು.

ಹೆಣ್ಣಿಗೆ ರೆಕ್ಕೆಯಿಲ್ಲ, ಗಂಡಿಗೆ ಬಾಯಿಯಿಲ್ಲ

ಹೆಣ್ಣು ತಿಗಣೆ ತನ್ನ ಹಿಂಭಾಗದಲ್ಲಿ ಮೇಣದ ಎಳೆಗಳ ಚೀಲ ನೇಯ್ದು ಅದರಲ್ಲಿ ನೂರರಿಂದ ಆರುನೂರರವರೆಗೆ ಹಸಿರು ಮಿಶ್ರಿತ ಹಳದಿ ಮೊಟ್ಟೆಗಳನ್ನು ಇಡುತ್ತದೆ. ಸುಮಾರು ಹತ್ತು ದಿನಕ್ಕೆ ಅವು ಒಡೆಯುತ್ತವೆ. ಹೊರಬರುವ ಮರಿ ಸಾಸಿವೆಗಿಂತ ತೀರಾ ಚಿಕ್ಕದು. ಇಡೀ ಬದುಕಿನಲ್ಲಿ ಚುರುಕಾಗಿ ನಡೆದಾಡುವುದು ಈ ಮರಿಯೇ. ಮೇಣ ಇನ್ನೂ ದಟ್ಟವಾಗಿರುವುದಿಲ್ಲ. ಗಾಳಿ ಹಾರಿಸಿಕೊಂಡು ಪಕ್ಕದ ಹೊಲಕ್ಕೆ ಹಾಕುತ್ತದೆ. ದನಗಳ ಮೈ, ನಮ್ಮ ಬಟ್ಟೆ, ಹಣ್ಣು ತುಂಬುವ ಬುಟ್ಟಿ, ನರ್ಸರಿಯ ಸಸಿ ಯಾವುದಾದರೂ ಸರಿ. ಸರಿಯಾದ ಜಾಗ ಸಿಕ್ಕಿದ ಮೇಲೆ ಸೂಜಿ ಬಾಯಿ ಚುಚ್ಚಿ ಕುಳಿತರೆ ಮತ್ತೆ ಹೆಚ್ಚು ಅಲುಗುವುದಿಲ್ಲ.

ಇಲ್ಲಿಂದ ಹೆಣ್ಣು, ಗಂಡು ಬೇರೆ ದಾರಿ ಹಿಡಿಯುತ್ತವೆ. ಹೆಣ್ಣು ಮರಿ ಮೂರು ಹಂತ ದಾಟಿ ಬೆಳೆದ ಮೇಲೂ ದೊಡ್ಡ ಮರಿಯಂತೆಯೇ ಕಾಣುತ್ತದೆ. ರೆಕ್ಕೆ ಮೂಡುವುದೇ ಇಲ್ಲ. ಗಂಡು ಮಾತ್ರ ಎರಡು ಹಂತದ ನಂತರ ಮೇಣದ ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗಿ, ಒಂದು ಜೊತೆ ರೆಕ್ಕೆಯ ಸಣ್ಣ ನೊಣದಂತೆ ಹೊರಬರುತ್ತದೆ. ಅದಕ್ಕೆ ಆಹಾರ ತಿನ್ನುವ ಬಾಯಿಯೇ ಇರುವುದಿಲ್ಲ. ಕೆಲವೇ ದಿನ ಬದುಕಿ, ಹೆಣ್ಣನ್ನು ಹುಡುಕಿ ಕೂಡಿ ಸಾಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿ ಎಂದು ಯಾರೂ ಹೇಳಲಾರರು. ಹೆಸರಿಡುವವರು ಹೆಣ್ಣನ್ನೇ ಆಧಾರವಾಗಿಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಗಂಡು ಸಿಗುವುದೇ ಅಪರೂಪ.

ಹಿಟ್ಟು ತಿಗಣೆಯ ಗಂಡಿನಲ್ಲಿ ಇನ್ನೊಂದು ವಿಚಿತ್ರವಿದೆ, ಅದಕ್ಕೂ ಬೆಂಗಳೂರಿಗೂ ನಂಟಿದೆ. ನಮ್ಮಂತೆಯೇ ಗಂಡು ತಿಗಣೆಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಕಟ್ಟು ವರ್ಣತಂತುಗಳು ಬರುತ್ತವೆ. ಆದರೆ ಭ್ರೂಣವಾಗಿದ್ದಾಗಲೇ ತಂದೆಯಿಂದ ಬಂದ ಇಡೀ ಕಟ್ಟು ಮುದುಡಿಕೊಂಡು ಕೆಲಸ ನಿಲ್ಲಿಸುತ್ತದೆ. ಮುಂದೆ ಈ ಗಂಡು ವೀರ್ಯಾಣು ಉತ್ಪಾದಿಸುವಾಗ ತಂದೆಯ ಪಾಲನ್ನು ಬಿಟ್ಟು ತಾಯಿಯ ಪಾಲನ್ನಷ್ಟೇ ದಾಟಿಸುತ್ತದೆ. ಅಂದರೆ ಅಜ್ಜ ಕೊಟ್ಟದ್ದು ಮಗನ ಮೂಲಕ ಮೊಮ್ಮಕ್ಕಳಿಗೆ ತಲುಪುವುದೇ ಇಲ್ಲ. ಇದು ತಂದೆಯದು, ಇದು ತಾಯಿಯದು ಎಂದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎಚ್. ಶರತ್ ಚಂದ್ರ ಹಿಟ್ಟು ತಿಗಣೆಗಳ ವರ್ಣತಂತುಗಳ ಮೇಲೆ ಕೆಲಸ ಮಾಡಿದವರು. ಅವರು ಮತ್ತು ಅಮೆರಿಕದ ಸ್ಪೆನ್ಸರ್ ಬ್ರೌನ್ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ವರ್ಣತಂತುಗಳ ಮೇಲೆ ಮೊದಲೇ ಬೀಳುವ ಇಂಥ ಗುರುತಿನ ವಿಚಾರವನ್ನು ಸಸ್ತನಿಗಳ ಎಕ್ಸ್ ವರ್ಣತಂತುವಿಗೆ ಅನ್ವಯಿಸಿ ಬರೆದರು. ಮನುಷ್ಯರ ಕೆಲವು ಆನುವಂಶಿಕ ಕಾಯಿಲೆಗಳನ್ನು ತಿಳಿಯಲು ಇಂದು ಈ ‘ಗುರುತು’ ಮುಖ್ಯ. ನಾವು ಬೂಜು ಎಂದು ಒರೆಸಿ ಹಾಕುವ ಹುಳದಿಂದ ಇಷ್ಟೊಂದು ವಿಜ್ಞಾನ ಬಂದಿದೆ.

ಸಕ್ಕರೆ ಹೆಚ್ಚು, ಪೋಷಣೆ ಕಡಿಮೆ

ತಿಗಣೆ ಚುಚ್ಚುವುದು ಎಲೆಯಲ್ಲಿ ತಯಾರಾದ ಆಹಾರ ಗಿಡದ ಉಳಿದ ಭಾಗಕ್ಕೆ ಹರಿಯುವ ನಾಳಕ್ಕೆ. ಆ ರಸದಲ್ಲಿ ಸಕ್ಕರೆ ಧಾರಾಳ, ಪ್ರೋಟೀನ್ ಕಟ್ಟಲು ಬೇಕಾದ ಅಮೈನೊ ಆಮ್ಲಗಳು ಕಡಿಮೆ. ಬೇಕಾದಷ್ಟು ಸಾರ ಸಿಗಬೇಕಾದರೆ ಬಹಳ ಹೀರಬೇಕು, ಮಿಕ್ಕ ಸಕ್ಕರೆ ನೀರನ್ನು ಹಿಂದಿನಿಂದ ಬಿಡಬೇಕು. ಆ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯೊಳಗೆ ಇಳಿಯುವುದಿಲ್ಲ, ಆದರೆ ಬಿಸಿಲಿಗೆ ಅಡ್ಡ ನಿಂತು ಎಲೆ ಆಹಾರ ತಯಾರಿಸುವುದನ್ನು ಕುಗ್ಗಿಸುತ್ತದೆ. ತಿಗಣೆ ಹೋದರೆ ಬೂಷ್ಟಿಗೆ ಆಹಾರವಿಲ್ಲ. ಹಾಗಾಗಿ ಕಾಕಾ ತರಲಿದ್ದ ಮೊದಲ ಡಬ್ಬಿ, ಅಂದರೆ ಬೂಷ್ಟಿನ ಔಷಧ, ಶುದ್ಧ ದಂಡ.

ಇರುವೆಗೆ ಬೇಕಿರುವುದು ಆ ಸಿಹಿ. ನಾವು ಎಮ್ಮೆ ಸಾಕಿದಂತೆ ಅದು ತಿಗಣೆ ಸಾಕುತ್ತದೆ. ತಿಗಣೆ ತಿನ್ನಲು ಬಂದ ಹುಳಗಳನ್ನು ಓಡಿಸುತ್ತದೆ, ಅಂಟು ತೆಗೆದು ತಿಗಣೆಗಳ ಜಾಗ ಸ್ವಚ್ಛವಾಗಿಡುತ್ತದೆ. ನಮ್ಮ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲೂ ಇದನ್ನು ನೋಡಬಹುದು. ಕಬ್ಬಿನ ಗಣ್ಣಿನ ಹತ್ತಿರ ಒಣಗಿದ ರವುದಿಯನ್ನು ಬಿಡಿಸಿದರೆ ಒಳಗೆ ಗುಲಾಬಿ ಬಣ್ಣದ ತಿಗಣೆಗಳು ಗುಂಪಾಗಿ ಕುಳಿತಿರುತ್ತವೆ, ಸುತ್ತ ಇರುವೆಗಳ ಕಾವಲು. ಅದು ಸ್ಯಾಕರಿಕಾಕಸ್ ಸ್ಯಾಕರಿ, ಬೇರೆಯೇ ಜಾತಿ. ಹುಮನಾಬಾದ್ ಕಡೆ ಕಬ್ಬು ಬೆಳೆಯುವವರು ‘ಪಪ್ಪಾಯಿಯಿಂದ ಕಬ್ಬಿಗೆ ಹಾರುತ್ತದೆಯೇ’ ಎಂದು ಹೆದರಬೇಕಿಲ್ಲ.

ಕಡಿಮೆ ಪೋಷಣೆಯಲ್ಲಿ ಇಷ್ಟು ಬೇಗ ಹೆಚ್ಚುವುದು ಹೇಗೆ ಎಂಬುದಕ್ಕೆ ಉತ್ತರ ತಿಗಣೆಯ ಹೊಟ್ಟೆಯಲ್ಲಿದೆ. ಅಲ್ಲಿ ತಾಯಿಯಿಂದ ಮರಿಗೆ ಸಾಗಿ ಬರುವ ಬ್ಯಾಕ್ಟೀರಿಯಾಗಳಿರುತ್ತವೆ, ಕೊರತೆಯ ಅಮೈನೊ ಆಮ್ಲಗಳನ್ನು ತಯಾರಿಸಿ ಕೊಡುತ್ತವೆ. ನಿಂಬೆ ಜಾತಿಯ ಗಿಡಗಳ ಹಿಟ್ಟು ತಿಗಣೆಯಲ್ಲಿ 2001ರಲ್ಲಿ ಕಂಡದ್ದು ಇನ್ನೂ ವಿಚಿತ್ರ: ಒಂದು ಬ್ಯಾಕ್ಟೀರಿಯಾದ ಒಳಗೆ ಇನ್ನೊಂದು ಬ್ಯಾಕ್ಟೀರಿಯಾ. ಹೊರಗಿನದರ ಹೆಸರು ಟ್ರೆಂಬ್ಲಾಯಾ. ಅದರ ವಂಶವಾಹಿ ಬರಹ ಸುಮಾರು 1,39,000 ಅಕ್ಷರಗಳಷ್ಟೇ. ನಮ್ಮ ಕರುಳಿನ ಸಾಮಾನ್ಯ ಇ. ಕೋಲಿಯದು ಸುಮಾರು 46 ಲಕ್ಷ. ಒಂದೊಂದು ಅಮೈನೊ ಆಮ್ಲದ ತಯಾರಿಯನ್ನೂ ಎರಡು ಬ್ಯಾಕ್ಟೀರಿಯಾ ಮತ್ತು ತಿಗಣೆ ಮೂವರೂ ಹಂಚಿಕೊಂಡು ಮುಗಿಸುತ್ತಾರೆ.

ಹೆಸರು ತಪ್ಪಿದರೆ ಏನಾಗುತ್ತದೆ?

ಹಳೆಯ ಉದಾಹರಣೆ ನಮ್ಮ ಬೇಲಿಗಳಲ್ಲೇ ಇದೆ. ಕೆಂಪು ಬಣ್ಣ ಕೊಡುವ ಮೆಕ್ಸಿಕೋದ ಕಾಚಿನೀಲ್ ಕೀಟ ಆಗ ಬಲು ದುಬಾರಿ. ಅದನ್ನು ಭಾರತದಲ್ಲೇ ಸಾಕುವ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಕೀಟ ತರಿಸಿದರು. ಬಂದದ್ದು ಆ ಜಾತಿಯಲ್ಲ, ಅದರ ದಾಯಾದಿ ಡ್ಯಾಕ್ಟಿಲೋಪಿಯಸ್ ಸೀಲಾನಿಕಸ್. ಹಿಟ್ಟು ತಿಗಣೆಗಳಂತೆಯೇ ಬಿಳಿ ಮೇಣ ಹೊದ್ದ ಶಲ್ಕ ಕೀಟ. ಒಳ್ಳೆಯ ಬಣ್ಣ ಸಿಗಲಿಲ್ಲ, ಆದರೆ ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ತಪ್ಪಿನಿಂದಲೇ ಒಂದು ಉಪಾಯ ಹೊಳೆಯಿತು. ಕಳೆ ಕೊಲ್ಲಲು ಕೀಟ ಬಿಡಬಹುದು! ಮುಂದೆ 1926ರಲ್ಲಿ ದಕ್ಷಿಣ ಭಾರತದ ಇನ್ನೊಂದು ಜಾತಿಯ ಪಾಪಾಸುಕಳ್ಳಿಯ ಮೇಲೆ ಶ್ರೀಲಂಕಾದಿಂದ ಡ್ಯಾಕ್ಟಿಲೋಪಿಯಸ್ ಒಪುನ್ಶಿಯೆ ಎಂಬ ಮತ್ತೊಂದು ಜಾತಿಯನ್ನು ತಂದು ಬಿಟ್ಟರು. ಮೊದಲಿನ ಕೀಟ ಈ ಕಳ್ಳಿಯನ್ನು ಮುಟ್ಟಿರಲಿಲ್ಲ. ಕೀಟವೂ ಕಳ್ಳಿಯೂ ಜಾತಿಯ ಮಟ್ಟದಲ್ಲಿ ಹೊಂದಬೇಕು.

ಆಫ್ರಿಕದ ಕಥೆಯಲ್ಲಿ ಪಣಕ್ಕಿದ್ದದ್ದು ಕೋಟ್ಯಂತರ ಜನರ ಊಟ. 1970ರ ದಶಕದಲ್ಲಿ ಅಲ್ಲಿನ ಮರಗೆಣಸಿಗೆ ಹೊಸ ಹಿಟ್ಟು ತಿಗಣೆ ಬಿತ್ತು. ಅದಕ್ಕೆ 1977ರಲ್ಲಿ ಫೆನಕಾಕಸ್ ಮ್ಯಾನಿಹೋಟಿ ಎಂದು ಹೆಸರಿಟ್ಟರು. ಮರಗೆಣಸಿನ ತವರು ದಕ್ಷಿಣ ಅಮೆರಿಕ, ಹಾಗಾಗಿ ತಿಗಣೆಯ ಶತ್ರುವನ್ನೂ ಅಲ್ಲೇ ಹುಡುಕಿದರು. ಆ ಖಂಡದ ಉತ್ತರ ಭಾಗದಲ್ಲಿ ಮರಗೆಣಸಿನ ಮೇಲೆ ಅಂಥದೇ ತಿಗಣೆ ಸಿಕ್ಕಿತು. ಆದರೆ ಅದರ ಶತ್ರು ಕಣಜಗಳು ಆಫ್ರಿಕದ ತಿಗಣೆಯ ಮೇಲೆ ಕೆಲಸ ಮಾಡಲಿಲ್ಲ. ಚರ್ಮದ ರಂಧ್ರ ಎಣಿಸಿದಾಗ ತಿಳಿಯಿತು, ಅದು ಬೇರೆ ಜಾತಿ. ಅದಕ್ಕೆ 1981ರಲ್ಲಿ ಫೆನಕಾಕಸ್ ಹೆರೆನಿ ಎಂದು ಹೆಸರಾಯಿತು. ಅದೇ ವರ್ಷ ನಿಜವಾದ ಮ್ಯಾನಿಹೋಟಿ ತೀರಾ ದಕ್ಷಿಣದ ಪರಾಗ್ವೆಯಲ್ಲಿ ಸಿಕ್ಕಿತು, ಜೊತೆಗೆ ಅನಗೈರಸ್ ಲೋಪೆಜಿ ಎಂಬ ಪುಟ್ಟ ಕಣಜ. ಈ ಕಣಜ ಆಫ್ರಿಕದ ಮರಗೆಣಸನ್ನು ಉಳಿಸಿತು. ಆ ಕೆಲಸದ ಮುಂದಾಳು ಹಾನ್ಸ್ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ಬಂತು. ತಪ್ಪು ತಿಗಣೆಯ ಹೆಸರಿನಲ್ಲೂ ಅವರದೇ ನೆನಪು ಉಳಿದಿರುವುದು ತಮಾಷೆ. ಈ ಮ್ಯಾನಿಹೋಟಿ 2020ರಲ್ಲಿ ಕೇರಳಕ್ಕೂ ಬಂತು. ಆಗ ನಮ್ಮವರು ಹುಡುಕಾಡಬೇಕಾಗಲಿಲ್ಲ, ಅದೇ ಕಣಜವನ್ನು ತರಿಸಿ 2022ರಲ್ಲಿ ತಮಿಳುನಾಡಿನಲ್ಲಿ ಬಿಟ್ಟರು.

ಹತ್ತಿಯಲ್ಲೂ ಗೊಂದಲ ನಡೆದಿದೆ. 2005ರ ನಂತರ ಪಾಕಿಸ್ತಾನ, ಗುಜರಾತ್, ಪಂಜಾಬ್ ಕಡೆ ಹತ್ತಿಗೆ ಮುತ್ತಿದ ಹಿಟ್ಟು ತಿಗಣೆಯನ್ನು ಬೇರೆ ಬೇರೆಯವರು ಬೇರೆ ಬೇರೆ ಹೆಸರಿನಿಂದ ಕರೆದರು. ಹೊಸ ಜಾತಿ ಎಂದವರೂ ಇದ್ದರು. ಕೊನೆಗೆ 2008ರಲ್ಲಿ ಅದು ಫೆನಕಾಕಸ್ ಸೊಲೆನಾಪ್ಸಿಸ್ ಎಂದು ಖಚಿತವಾಯಿತು. 1898ರಲ್ಲೇ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಸೊಲೆನಾಪ್ಸಿಸ್ ಎಂಬ ಇರುವೆಯ ಗೂಡಿನಲ್ಲಿ ಗಿಡದ ಬೇರಿನ ಮೇಲೆ ಸಿಕ್ಕಿದ್ದ ತಿಗಣೆ ಅದು, ಅದಕ್ಕೇ ಆ ಹೆಸರು. ಅದರ ಶತ್ರು ಕಣಜವೊಂದು ಯಾರೂ ತರದೆ ತಾನಾಗಿಯೇ ಬಂದು ಸೇರಿಕೊಂಡಿತ್ತು. ಅದನ್ನು 2009ರಲ್ಲಿ ಹೊಸ ಜಾತಿ ಎಂದು ಏನಾಸಿಯಸ್ ಬಂಬವಾಲೆಯಿ ಎಂದು ಕರೆದರು. ಆಮೇಲೆ ನೋಡಿದರೆ ಅದೂ ಮೊದಲೇ ಹೆಸರಿದ್ದ ಅಮೆರಿಕದ ಏನಾಸಿಯಸ್ ಅರಿಜೋನೆನ್ಸಿಸ್.

ಪಪ್ಪಾಯಿ ತಿಗಣೆ ಬಂದದ್ದು, ಇಳಿದದ್ದು

ಪ್ಯಾರಾಕಾಕಸ್ ಮಾರ್ಜಿನೇಟಸ್ ಮೂಲತಃ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ್ದು. ಅಲ್ಲಿ ಶತ್ರುಗಳ ನಡುವೆ ಇದ್ದುದರಿಂದ ಯಾರಿಗೂ ತೊಂದರೆ ಕೊಡದೆ ಇತ್ತು. ಬ್ರಿಟನ್ನಿನ ವಿಲಿಯಮ್ಸ್ ಮತ್ತು ಅರ್ಜೆಂಟೀನಾದ ಗ್ರಾನಾರಾ ದೆ ವಿಲಿಂಕ್ 1992ರಲ್ಲಿ ಇದಕ್ಕೆ ಹೆಸರಿಟ್ಟರು. ಆಗ ಅದು ಯಾವ ದೊಡ್ಡ ಸುದ್ದಿಯೂ ಅಲ್ಲ. ಕೆಲವೇ ವರ್ಷಗಳಲ್ಲಿ ಅದು ಕೆರಿಬಿಯನ್ ದ್ವೀಪಗಳಿಗೆ, 1998ರಲ್ಲಿ ಫ್ಲಾರಿಡಾಕ್ಕೆ ದಾಟಿತು. 2008ರ ಜುಲೈಯಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಕರ್ನಾಟಕ, ಕೇರಳ, ಮಹಾರಾಷ್ಟ್ರ. ಪಪ್ಪಾಯಿ ಮಾತ್ರವಲ್ಲ, ಹಿಪ್ಪುನೇರಳೆ, ಮರಗೆಣಸು, ದಾಸವಾಳ, ಬದನೆ, ಕಾಂಗ್ರೆಸ್ ಕಸ ಸೇರಿ 60ಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಅದು ಬದುಕಬಲ್ಲದು.

ಹಿಪ್ಪುನೇರಳೆಗೆ ಬಿದ್ದದ್ದು ದೊಡ್ಡ ಇಕ್ಕಟ್ಟು. ಎಲೆಗೆ ಕೀಟನಾಶಕ ಹೊಡೆದರೆ ಅದೇ ಎಲೆ ತಿನ್ನುವ ರೇಷ್ಮೆ ಹುಳು ಸಾಯುತ್ತದೆ, ಹೊಡೆಯದಿದ್ದರೆ ಎಲೆಯೇ ಇಲ್ಲ. ಪಪ್ಪಾಯಿ ತೋಟದವರು ಔಷಧದ ಮೇಲೆ ಔಷಧ ಹೊಡೆದರು. ಮೇಣ ನೀರನ್ನು ಅಂಟಿಸಿಕೊಳ್ಳುವುದಿಲ್ಲ, ಮೊಟ್ಟೆಗಳು ಚೀಲದೊಳಗೆ ಬೆಚ್ಚಗಿರುತ್ತವೆ, ತೊಟ್ಟಿನ ಸಂದಿಗೆ ಸಿಂಪಡಣೆ ತಲುಪುವುದಿಲ್ಲ. ಸತ್ತದ್ದು ಹೆಚ್ಚಾಗಿ ತಿಗಣೆಯ ಶತ್ರುಗಳು. ಹದಿನೈದು ದಿನದಲ್ಲಿ ತಿಗಣೆ ಮರಳಿ ಬರುತ್ತಿತ್ತು.

ಇಲ್ಲಿ ಹೆಸರು ಕೆಲಸಕ್ಕೆ ಬಂತು. ಇದು ಮಾರ್ಜಿನೇಟಸ್ ಎಂದು ಗೊತ್ತಾದ ಕೂಡಲೇ ಅದರ ತವರು, ಅಲ್ಲಿನ ಶತ್ರುಗಳು, ಕೆರಿಬಿಯನ್‌ನಲ್ಲಿ ಅವುಗಳನ್ನು ಬಿಟ್ಟು ಗೆದ್ದ ಅನುಭವ ಎಲ್ಲವೂ ಕೈಗೆ ಸಿಕ್ಕಿತು. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟಗಳ ಸಂಸ್ಥೆ ಇದೆ, ಈಗ ಅದನ್ನು ಎನ್‌ಬಿಎಐಆರ್ ಎನ್ನುತ್ತಾರೆ. ಈ ಸಂಸ್ಥೆ 2010ರ ಜುಲೈಯಲ್ಲಿ ಅಮೆರಿಕದ ಕೃಷಿ ಇಲಾಖೆಯ ಪೋರ್ಟೊ ರಿಕೊ ಪ್ರಯೋಗಾಲಯದಿಂದ ಮೂರು ಬಗೆಯ ಪರಾವಲಂಬಿ ಕಣಜಗಳನ್ನು ತರಿಸಿತು. ಬಂದವನ್ನು ನೇರ ತೋಟಕ್ಕೆ ಬಿಡಲಿಲ್ಲ. ಮುಚ್ಚಿದ ಕೋಣೆಯಲ್ಲಿ ಸಾಕಿ, ನಮ್ಮ ಉಪಯುಕ್ತ ಕೀಟಗಳಿಗೆ ಅವು ಅಪಾಯವಲ್ಲ ಎಂದು ನೋಡಿದ ಮೇಲೆ, ಆ ವರ್ಷದ ಅಕ್ಟೋಬರ್‌ನಿಂದ ಹೊರಬಿಟ್ಟರು. ಮೂರರಲ್ಲಿ ಹೆಚ್ಚು ಗೆದ್ದದ್ದು ಅಸೆರೊಫಾಗಸ್ ಪಪಾಯೆ. ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಮನುಷ್ಯರನ್ನು ಚುಚ್ಚುವ ಕಡಜದಂತಲ್ಲ ಅದು, ಕಣ್ಣಿಗೆ ಬೀಳುವುದೇ ಕಷ್ಟ. ಹೆಣ್ಣು ಕಣಜ ಎಳೆಯ ತಿಗಣೆಯನ್ನು ಹುಡುಕಿ ಅದರ ದೇಹದೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ತಿಗಣೆ ಉಬ್ಬಿದ ಕಂದು ಗಟ್ಟಿ ಕವಚವಾಗಿ ಉಳಿಯುತ್ತದೆ. ಕಣಜ ಅದಕ್ಕೆ ದುಂಡನೆಯ ತೂತು ಕೊರೆದು ಹೊರಬರುತ್ತದೆ.

ಬಿಟ್ಟ ಕಡೆಗಳಲ್ಲಿ ಐದಾರು ತಿಂಗಳಲ್ಲಿ ತಿಗಣೆ ಗಣನೀಯವಾಗಿ ಇಳಿಯಿತು. ಇದರಿಂದ ದೇಶಕ್ಕಾದ ಲಾಭ ಐದು ವರ್ಷಗಳಲ್ಲಿ ಸುಮಾರು 52 ಕೋಟಿಯಿಂದ 134 ಕೋಟಿ ಡಾಲರ್ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಅಂದಾಜಿನ ಎರಡು ತುದಿಗಳ ನಡುವೆ ಎಷ್ಟು ಅಂತರ ನೋಡಿ. ಇಂಥ ಲೆಕ್ಕಗಳಲ್ಲಿ ಅದು ಸಹಜ, ಕಡಿಮೆ ಅಂಕಿಯನ್ನೇ ಹಿಡಿದರೂ ಸಣ್ಣ ಮೊತ್ತವಲ್ಲ. ಕಣಜವನ್ನು ಪ್ರತಿ ವರ್ಷ ಕೊಳ್ಳಬೇಕಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ತಿಗಣೆ ಪೂರ್ತಿ ನಾಶವಾಗಿಲ್ಲ, ಆಗುವುದೂ ಇಲ್ಲ. ಇಲ್ಲೊಂದು ಗಿಡ, ಅಲ್ಲೊಂದು ಗಿಡದಲ್ಲಿ ಕಾಣುತ್ತದೆ, ಕಣಜವೂ ಹಿಂದೆಯೇ ಬರುತ್ತದೆ. ನಾವು ನಡುವೆ ವಿಷ ಹೊಡೆದಾಗ ಈ ಲೆಕ್ಕ ತಪ್ಪುತ್ತದೆ.

ಬಿಳಿಯದೆಲ್ಲ ತಿಗಣೆಯಲ್ಲ

ನಮ್ಮ ಮಟ್ಟಿಗೆ ಈ ಲೇಖನದಲ್ಲಿ ಅತಿ ಉಪಯೋಗದ ಮಾತು ಇದು. ತಿಗಣೆಗಳ ನಡುವೆ ಅವುಗಳಿಗಿಂತ ನಾಲ್ಕೈದು ಪಟ್ಟು ದೊಡ್ಡದಾದ, ಉದ್ದನೆಯ ಬಿಳಿ ಮೇಣದ ಜಡೆಗಳಿರುವ, ಬೇಗ ಬೇಗ ನಡೆಯುವ ಹುಳ ಕಂಡರೆ ಹೆಚ್ಚಿನವರು ‘ಇದೇ ದೊಡ್ಡ ತಿಗಣೆ’ ಎಂದು ಮೊದಲು ಅದನ್ನೇ ಹೊಸಕುತ್ತಾರೆ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ, ತಿಗಣೆಯನ್ನೇ ತಿಂದು ಬದುಕುವುದು. ಇರುವೆಗಳ ಕಾವಲು ದಾಟಲು ತಿಗಣೆಯ ವೇಷ ಅದಕ್ಕೆ ನೆರವಾಗುತ್ತದೆ. ಬೆಳೆದ ಹುಳ ಕಪ್ಪು ಮಿಶ್ರಿತ ಕಂದು, ತಲೆಯ ಕಡೆ ಕಿತ್ತಳೆ. ಆಸ್ಟ್ರೇಲಿಯದಿಂದ 1898ರಲ್ಲಿ ಕಾಫಿ ತೋಟದ ಹಸಿರು ಶಲ್ಕ ಕೀಟಕ್ಕೆಂದು ದಕ್ಷಿಣ ಭಾರತಕ್ಕೆ ತಂದದ್ದು, ಈಗ ನಮ್ಮದೇ ಆಗಿದೆ.

ಇನ್ನೊಬ್ಬ ವೇಷಧಾರಿ ಸ್ಪಾಲ್ಗಿಸ್ ಎಂಬ ಸಣ್ಣ ಬೂದು ಚಿಟ್ಟೆಯ ಕಂಬಳಿಹುಳು. ಚಿಟ್ಟೆಗಳ ಮರಿಗಳು ಎಲೆ ತಿನ್ನುತ್ತವೆ ಎಂದು ನಾವೆಲ್ಲ ಓದಿದ್ದೇವೆ. ಇದು ಎಲೆ ಮುಟ್ಟುವುದಿಲ್ಲ, ಹಿಟ್ಟು ತಿಗಣೆ ತಿಂದು ಅದರ ಮೇಣವನ್ನೇ ಮೈಗೆ ಮೆತ್ತಿಕೊಳ್ಳುತ್ತದೆ. ಇದರ ಕೋಶವನ್ನು ಹತ್ತಿರದಿಂದ ನೋಡಿದರೆ ಥೇಟ್ ಕೋತಿಯ ಮುಖ.

ಹಾಗಾದರೆ ಹಿತ್ತಲಿನ ಒಂದೆರಡು ಗಿಡಕ್ಕೆ ಏನು ಮಾಡಬೇಕು? ಮೊದಲು ಎಲೆ ತಿರುಗಿಸಿ ಕಂದು ಕವಚ, ತೂತು ಇವೆಯೇ ನೋಡಿ. ಇದ್ದರೆ ಕಣಜ ಬಂದಿದೆ, ಔಷಧ ಬೇಡ. ತೀರಾ ಮೆತ್ತಿಕೊಂಡ ಎಲೆ, ಕಾಯಿಗಳನ್ನು ಕತ್ತರಿಸಿ ಸುಡಿ ಇಲ್ಲವೇ ಹೂಳಿ. ಕಾಲುವೆಗೆ, ರಸ್ತೆ ಬದಿಗೆ ಎಸೆದರೆ ತಿಗಣೆಗೆ ನೀವೇ ಬಸ್ ಹತ್ತಿಸಿದಂತೆ. ಸುತ್ತಲ ಕಾಂಗ್ರೆಸ್ ಕಸ ಕಿತ್ತುಹಾಕಿ. ಇರುವೆ ಹತ್ತದಂತೆ ತಡೆಯಿರಿ, ಅರ್ಧ ಕೆಲಸ ಮುಗಿಯುತ್ತದೆ. ನೀರಿನ ಜೋರು ಧಾರೆ ತಿಗಣೆಗಳನ್ನು ಉದುರಿಸುತ್ತದೆ, ತೆಳು ಸಾಬೂನಿನ ನೀರು ಮೇಣ ಇನ್ನೂ ದಟ್ಟವಾಗದ ಮರಿಗಳನ್ನು ಕೊಲ್ಲುತ್ತದೆ. ತೋಟವೇ ಇದ್ದು ಕವಚಗಳು ಒಂದೂ ಕಾಣದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಮೊಬೈಲ್ ಫೋಟೋ ಜೊತೆಗೆ ಸ್ಪಿರಿಟ್‌ನಲ್ಲಿ ಹಾಕಿದ ನಾಲ್ಕು ತಿಗಣೆಗಳನ್ನೂ ಒಯ್ಯಿರಿ. ಹೆಸರು ಹೇಳಲು ಅವರಿಗೆ ಬೇಕಿರುವುದು ಅದೇ.

ಕಾಕಾ ಅವರ ಗಿಡದ ಮೂರನೇ ಎಲೆಯ ಅಡಿಯಲ್ಲಿ ಕಂದು ಕವಚಗಳು ಸಿಕ್ಕವು. ಎಣಿಸಿದಾಗ ಹನ್ನೊಂದು, ಅವುಗಳಲ್ಲಿ ಏಳಕ್ಕೆ ತೂತು ಬಿದ್ದಿತ್ತು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ ಕಾಕಾ, “ಇಷ್ಟ್ ಸಣ್ಣದು ಏನ್ ಮಾಡ್ತದೋ ನೋಡಮಿ” ಎಂದು ಔಷಧ ತರುವುದನ್ನು ಹದಿನೈದು ದಿನ ಮುಂದೆ ಹಾಕಿದರು.